ಪಿಯುಸಿಗೆ ಮೊದಲು ದಿನದ ಲೆಕ್ಕ



ನನ್ನ ಕೊನೆಯ ತಂಗಿ ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಸಿಎಂಬಿ ತೆಗೆದುಕೊಂಡು ನೀಟ್, ಜೆಇಇ, ಸಿಇಟಿ ಮೂರನ್ನೂ ಬರೆಯುತ್ತೇನೆ ಎಂದಳು. ಬೇಡ ಅನ್ನಲಿಲ್ಲ. ಇಬ್ಬರೂ ಕೂತು ದಿನದ ಲೆಕ್ಕ ಬರೆದೆವು. ಎರಡು ಭಾಷೆ, ನಾಲ್ಕು ವಿಜ್ಞಾನ ವಿಷಯ, ಒಟ್ಟು ಆರು. ಕನ್ನಡ ಮಾಧ್ಯಮದಿಂದ ಹೋದವರಿಗೆ ಇಂಗ್ಲಿಷ್ ಪಾಠ ಅರ್ಥ ಮಾಡಿಕೊಳ್ಳುವುದೇ ಏಳನೆಯದು. ಬಸ್ಸಿಗೆ ಎರಡು ಗಂಟೆ. ಉಳಿದ ಹೊತ್ತಿನಲ್ಲಿ ಮೂರು ಪರೀಕ್ಷೆಯ ತಯಾರಿ ಹಿಡಿಸಲಿಲ್ಲ.

ಜೆಇಇ ಬಿಟ್ಟಳು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ನೀಟ್‌ಗೂ ಸಿಇಟಿಗೂ ಆಗುತ್ತವೆ. ಬೇಸಿಗೆ ರಜೆಯಲ್ಲಿ ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆಯಂಥ ಪದಗಳ ಇಂಗ್ಲಿಷ್ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಕಲಿತಳು. ಭಾನುವಾರ ಮಧ್ಯಾಹ್ನ ಪುಸ್ತಕ ಮುಟ್ಟಬಾರದೆಂದು ಅವ್ವ ಕಟ್ಟುಮಾಡಿದಳು. ಈಗ ತಂಗಿ ಬಿಎಸ್ಸಿ ಕೃಷಿ ಓದುತ್ತಿದ್ದಾಳೆ.

ಪೋಷಕರೇ, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಆ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ. ಅಣ್ಣ ಎಂಜಿನಿಯರ್ ಆದನೆಂದು ತಂಗಿಗೂ ಅದೇ ದಾರಿ ಗೊತ್ತುಮಾಡಬೇಡಿ. ಎಷ್ಟು ವಿಷಯ ಹೊರಬಲ್ಲೆ ಎಂದು ಮಗುವನ್ನೇ ಕೇಳಿ. ಜೊತೆಗೆ ಕೂತು ಲೆಕ್ಕ ಹಾಕಿ.

ಐವತ್ತು ತುಂಬಿದ ನಮ್ಮ ಶಾಲೆಗೆ ಶುಭವಾಗಲಿ.