ಮೊಬೈಲ್ ಆ್ಯಪ್: ಮೊದಲು ಒಂದೇ ಕೆಲಸ
(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಉತ್ಪಾದಕರಿಗೆ ಮೊಬೈಲ್ ಆ್ಯಪ್ ಬೇಕೆಂಬ ಬೇಡಿಕೆ ಬಂದಿದೆ. ಹಾಲಿನ ಲೆಕ್ಕ, ಪಶು ಆಹಾರ, ಕೃತಕ ಗರ್ಭಧಾರಣೆ, ವಿಮೆ, ಸಾಲ ಎಲ್ಲವೂ ಅದರಲ್ಲೇ ಇರಲಿ ಎನ್ನುತ್ತೀರಿ. ಎಲ್ಲವನ್ನೂ ಒಮ್ಮೆಗೇ ಮಾಡಹೊರಟರೆ ಹಣ ಮುಗಿಯುತ್ತದೆ, ಕೆಲಸ ಮುಗಿಯುವುದಿಲ್ಲ. ಆ ಹಣ ನಿಮ್ಮ ಹಾಲಿನದು.

ಗುಜರಾತಿನ ಖೇಡಾ ಒಕ್ಕೂಟ, ಅಂದರೆ ನಮಗೆಲ್ಲ ಗೊತ್ತಿರುವ ಅಮುಲ್, 1946ರಲ್ಲಿ ಹೊರಟಿದ್ದು ಎರಡೇ ಸಂಘಗಳಿಂದ, ದಿನಕ್ಕೆ ಸುಮಾರು 250 ಲೀಟರ್ ಹಾಲಿನಿಂದ. ಹಾಲಿನ ಪುಡಿಯ ಕಾರ್ಖಾನೆ ಬಂದದ್ದು 1955ರಲ್ಲಿ. ಆ್ಯಪಿಗೂ ಅದೇ ದಾರಿ.

ಮೊದಲ ಹಂತದಲ್ಲಿ ಇಷ್ಟೇ ಇರಲಿ: ಈ ಹೊತ್ತು ಹಾಕಿದ ಹಾಲೆಷ್ಟು, ಜಿಡ್ಡಿನಂಶ, ಎಸ್‌ಎನ್‌ಎಫ್ ಎಷ್ಟು, ಬರುವ ಹಣವೆಷ್ಟು. ಅಂಕಿಗಳು ಪರೀಕ್ಷಾ ಯಂತ್ರದಿಂದಲೇ ನೇರವಾಗಿ ಬರಬೇಕು, ಆಗಲೇ ನಂಬಿಕೆ. ಐದು ಸಂಘಗಳಲ್ಲಿ ಮೂರು ತಿಂಗಳು ನಡೆಸೋಣ. ಸದಸ್ಯರು ನಿಜವಾಗಿ ತೆರೆದು ನೋಡಿದರೆ ಮುಂದಿನ ಹಂತ.

ಪ್ರತಿ 100 ರೂಪಾಯಿಯಲ್ಲಿ 50 ತಯಾರಿಕೆಗೆ, 20 ಯಂತ್ರ ಜೋಡಣೆ ಮತ್ತು ತರಬೇತಿಗೆ, 30 ನಿರ್ವಹಣೆಗೆ ತೆಗೆದಿಡಬೇಕೆಂಬುದು ನನ್ನ ಸಲಹೆ. ಹಸು ಕೊಂಡವನು ಮೇವಿಗೂ ಹಣ ಇಟ್ಟುಕೊಳ್ಳಬೇಕಲ್ಲವೇ? ಸರ್ವರ್ ಬಾಡಿಗೆ, ಎಸ್‌ಎಂಎಸ್ ಖರ್ಚು ನಿಲ್ಲುವಂಥವಲ್ಲ. ತಯಾರಕರಿಗೆ ಮುಗಿದ ಕೆಲಸಕ್ಕೆ ಮಾತ್ರ ಹಣ ಕೊಡೋಣ. ಮಾಹಿತಿಯೆಲ್ಲ ಒಕ್ಕೂಟದ ಸ್ವತ್ತೆಂದು ಕರಾರಿನಲ್ಲಿ ಬರೆಸೋಣ.

ಸ್ಮಾರ್ಟ್‌ಫೋನ್ ಇಲ್ಲದ ಸದಸ್ಯರೂ ನಮ್ಮಲ್ಲಿದ್ದಾರೆ. ಆ್ಯಪ್ ಬಂತೆಂದು ಅವರ ಚೀಟಿ, ಪಾಸ್ ಪುಸ್ತಕ ನಿಲ್ಲಕೂಡದು.