ಹೊಗೆ ಬಂದಾಗ ಹಿತ್ತಲ ಕೋಳಿ



ಕಾಡ್ಗಿಚ್ಚು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆಂಕಿ. ಆದರೆ ಬೆಂಕಿ ಕಾಡಿನಲ್ಲೇ ಉಳಿದರೂ ಅದರ ಹೊಗೆ ಅಲ್ಲಿಯೇ ಉಳಿಯುವುದಿಲ್ಲ. ಗಾಳಿ ಬೀಸಿದ ಕಡೆಗೆ ನೂರಾರು ಕಿಲೋಮೀಟರ್ ಸಾಗಿ, ಬೆಂಕಿಯನ್ನೇ ಕಾಣದ ಊರುಗಳನ್ನು ಅದು ಮುಸುಕುತ್ತದೆ. ಆಗ ಮನುಷ್ಯರು ಕಿಟಕಿ ಬಾಗಿಲು ಮುಚ್ಚಿಕೊಂಡು ಮನೆಯೊಳಗೆ ಕೂರುತ್ತಾರೆ. ಹಿತ್ತಲಿನಲ್ಲಿರುವ ನಾಲ್ಕು ಕೋಳಿಗಳು ಎಲ್ಲಿಗೆ ಹೋಗಬೇಕು? ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಪಕ್ಷಿಯ ಉಸಿರಾಟವನ್ನೂ ಗಾಳಿಯ ಗುಣವನ್ನೂ ನಾವು ಸ್ವಲ್ಪ ತಿಳಿದುಕೊಳ್ಳಬೇಕಾಗುತ್ತದೆ.

ಮೊದಲು ಒಂದು ನಿಜವಾದ ಸನ್ನಿವೇಶವನ್ನು ನೋಡೋಣ. 2018ರ ನವೆಂಬರ್ 8ರ ಬೆಳಗ್ಗೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಉತ್ತರ ಭಾಗದಲ್ಲಿ ಹಳೆಯ ವಿದ್ಯುತ್ ಪ್ರಸರಣ ಮಾರ್ಗವೊಂದರಿಂದ ಕಾಡಿಗೆ ಬೆಂಕಿ ಹತ್ತಿತು. ‘ಕ್ಯಾಂಪ್ ಫೈರ್’ ಎಂದು ಹೆಸರಾದ ಈ ಬೆಂಕಿಗೆ ಪ್ಯಾರಡೈಸ್, ಅಂದರೆ ಸ್ವರ್ಗ, ಎಂಬ ಹೆಸರಿನ ಊರು ಬಹುಪಾಲು ಸುಟ್ಟುಹೋಯಿತು. 85 ಜನ ಸತ್ತರು. 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರದಲ್ಲಿದೆ ಸ್ಯಾನ್ ಫ್ರಾನ್ಸಿಸ್ಕೊ. ನಮ್ಮ ಕನ್ನಡಿಗರೂ ಬಹಳ ಮಂದಿ ನೆಲೆಸಿರುವ ಪ್ರದೇಶ ಅದು. ಬೆಂಕಿ ಅಲ್ಲಿಗೆ ಬರಲಿಲ್ಲ, ಹೊಗೆ ಬಂತು. ಸುಮಾರು ಎರಡು ವಾರ ಸೂರ್ಯ ಮಂಕಾಗಿ ಕಂಡ. ನವೆಂಬರ್ 16ರಂದು ಶಾಲೆಗಳಿಗೆ ರಜೆ ಕೊಡಬೇಕಾಯಿತು.

ಆ ಪ್ರದೇಶದ ಅನೇಕ ನಗರಗಳಲ್ಲಿ ಮನೆಯ ಹಿತ್ತಲಿನಲ್ಲಿ ಕೆಲವು ಕೋಳಿಗಳನ್ನು ಸಾಕಲು ಅನುಮತಿಯಿದೆ. ಮಕ್ಕಳು ಅವಕ್ಕೆ ಹೆಸರಿಟ್ಟಿರುತ್ತಾರೆ, ಬೆಳಗ್ಗೆ ಮೊಟ್ಟೆ ತಂದುಕೊಡುತ್ತಾರೆ. ಅಂಥ ಮನೆಗಳಲ್ಲಿ ಆ ಎರಡು ವಾರ ಏಳಬಹುದಾಗಿದ್ದ ಪ್ರಶ್ನೆಯೇ ಇಂದಿನ ನಮ್ಮ ವಿಷಯ: ಕೋಳಿಗಳನ್ನು ಒಳಗೆ ತರಬೇಕೆ? ತಂದರೆ ಹೇಗೆ ಇಡಬೇಕು?

ಉತ್ತರಕ್ಕೆ ಮುನ್ನ ಕೋಳಿಯ ಉಸಿರಾಟದ ರಚನೆಯನ್ನು ನೋಡೋಣ. ನಮ್ಮ ಉಸಿರಾಟ ಕಮ್ಮಾರನ ತಿದಿಯ ಹಾಗೆ. ಎದೆಗೂಡು ಹಿಗ್ಗಿದಾಗ ಗಾಳಿ ಒಳಗೆ ಬರುತ್ತದೆ. ಕುಗ್ಗಿದಾಗ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಕೋಳಿಯ ಏರ್ಪಾಡು ಬೇರೆ. ಅದರ ಶ್ವಾಸಕೋಶ ಪಕ್ಕೆಲುಬುಗಳಿಗೆ ಅಂಟಿಕೊಂಡಿರುವ, ಹೆಚ್ಚು ಹಿಗ್ಗದ ಪುಟ್ಟ ಅಂಗ. ತಿದಿಯ ಕೆಲಸ ಮಾಡುವುದು ದೇಹದೊಳಗೆ ಹರಡಿರುವ ಗಾಳಿಚೀಲಗಳು. ಒಮ್ಮೆ ಒಳಗೆಳೆದ ಗಾಳಿ ಪೂರ್ತಿಯಾಗಿ ಹೊರಬೀಳಲು ಎರಡು ಸುತ್ತು ಉಸಿರಾಟ ಬೇಕು. ಶ್ವಾಸಕೋಶದ ಒಳಗೆ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುವುದರಿಂದ, ಉಸಿರು ಎಳೆದಾಗಲೂ ಬಿಟ್ಟಾಗಲೂ ರಕ್ತಕ್ಕೆ ಆಮ್ಲಜನಕ ಸಿಗುತ್ತದೆ. ಗಾಳಿಯನ್ನೂ ರಕ್ತವನ್ನೂ ಬೇರ್ಪಡಿಸುವ ಪೊರೆ ನಮ್ಮದಕ್ಕಿಂತ ತೆಳುವಾದುದು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಬಲ್ಲವು ಎಂದರೆ, ಅದರ ಹಿಂದಿರುವ ಕಾರಣಗಳಲ್ಲಿ ಈ ಉಸಿರಾಟದ ವ್ಯವಸ್ಥೆಯೂ ಒಂದು.

ಒಳ್ಳೆಯ ಗಾಳಿಯಲ್ಲಿ ವರವಾದ ಈ ವ್ಯವಸ್ಥೆ ಕೆಟ್ಟ ಗಾಳಿಯಲ್ಲಿ ಶಾಪವಾಗುತ್ತದೆ. ಆಮ್ಲಜನಕವನ್ನು ಚೆನ್ನಾಗಿ ಹೀರುವ ಅಂಗ ವಿಷವನ್ನೂ ಚೆನ್ನಾಗಿಯೇ ಹೀರುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳನ್ನು ಕೊಂಡೊಯ್ಯುತ್ತಿದ್ದ ಸಂಗತಿಯನ್ನು ನೀವು ಕೇಳಿರಬಹುದು. ಮುಂದೆ ಭಾರತದ ಪೌರತ್ವ ಪಡೆದ ಜೆ.ಬಿ.ಎಸ್. ಹಾಲ್ಡೇನ್ ಅವರ ತಂದೆ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ವಿಧಾನವನ್ನು ಸೂಚಿಸಿದರು. ಇಂಗಾಲದ ಮಾನಾಕ್ಸೈಡ್ ಗಣಿಯಲ್ಲಿ ತುಂಬಿದರೆ ಮನುಷ್ಯನಿಗಿಂತ ಮೊದಲು ಹಕ್ಕಿ ಕುಸಿಯುತ್ತಿತ್ತು. ಆ ಪದ್ಧತಿ ನಿಂತದ್ದು 1986ರಲ್ಲಿ. ಹಿತ್ತಲಿನ ಕೋಳಿಯೂ ಅದೇ ಪಕ್ಷಿಕುಲಕ್ಕೆ ಸೇರಿದ್ದು ಎಂಬುದನ್ನು ಮರೆಯಬಾರದು.

ಕಾಡ್ಗಿಚ್ಚಿನ ಹೊಗೆಯಲ್ಲಿ ಅನಿಲಗಳ ಜೊತೆಗೆ ಅತಿ ಸೂಕ್ಷ್ಮ ಕಣಗಳಿರುತ್ತವೆ. ಇವುಗಳಲ್ಲಿ ಹೆಚ್ಚು ಅಪಾಯಕಾರಿಯಾದವು 2.5 ಮೈಕ್ರಾನಿಗಿಂತ ಚಿಕ್ಕವು. ನಮ್ಮ ತಲೆಗೂದಲಿನ ದಪ್ಪ ಇದರ ಸುಮಾರು ಮೂವತ್ತು ಪಟ್ಟು ಎಂದರೆ ಇವು ಎಷ್ಟು ಚಿಕ್ಕವೆಂದು ಊಹಿಸಿಕೊಳ್ಳಿ. ಒದ್ದೆ ಬಟ್ಟೆ ಇವನ್ನು ಸರಿಯಾಗಿ ಸೋಸಲಾರದು. ಇವುಗಳ ಪ್ರಮಾಣವನ್ನು ವಾಯುಗುಣಮಟ್ಟ ಸೂಚ್ಯಂಕ ತಿಳಿಸುತ್ತದೆ. ಆದರೆ ಒಂದು ಎಚ್ಚರಿಕೆ. ಎಲ್ಲ ದೇಶಗಳ ಸೂಚ್ಯಂಕವೂ ಒಂದೇ ಅಲ್ಲ. ಅಮೆರಿಕದ ಸೂಚ್ಯಂಕದಲ್ಲಿ 150 ಎಂದರೆ ಘನಮೀಟರಿಗೆ ಸುಮಾರು 55 ಮೈಕ್ರೋಗ್ರಾಂ ಸೂಕ್ಷ್ಮ ಕಣ. ನಮ್ಮ ಸೂಚ್ಯಂಕದಲ್ಲಿ 100 ಎಂದರೆ 60 ಮೈಕ್ರೋಗ್ರಾಂ. ಆದ್ದರಿಂದ ಅಲ್ಲಿನ ಸಂಖ್ಯೆಯನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಬಾರದು. ಈ ಸೂಚ್ಯಂಕಗಳನ್ನು ರಚಿಸಿರುವುದು ಮನುಷ್ಯರನ್ನು ಗಮನದಲ್ಲಿಟ್ಟುಕೊಂಡು. ಆದಕಾರಣ ‘ಮಕ್ಕಳು ಹೊರಗೆ ಆಡಬಾರದು’ ಎಂಬ ಸೂಚನೆ ಬಂದ ದಿನ ಕೋಳಿಯೂ ಹೊರಗಿರಬಾರದು ಎಂದುಕೊಳ್ಳುವುದು ಜಾಣತನ.

ಈಗ ಒಳಗೆ ತರುವ ವಿಚಾರ. ‘ಒಳಗೆ ತಂದು ಬಾಗಿಲು ಹಾಕಿದರೆ ಆಯಿತು’ ಎಂದು ನೀವು ಭಾವಿಸಬಹುದು. ಅಷ್ಟೇ ಆದರೆ ಸಾಲದು. ಮುಚ್ಚಿದ ಕೋಣೆಯಲ್ಲಿ ಹೊಗೆ ಕಡಿಮೆಯಾಗಬಹುದು. ಆದರೆ ಮೂರು ಹೊಸ ಶತ್ರುಗಳು ಹುಟ್ಟಿಕೊಳ್ಳುತ್ತವೆ. ಅವು ಸೆಕೆ, ಧೂಳು ಮತ್ತು ಅಮೋನಿಯಾ.

ಕೋಳಿಯ ಮೈಯ ಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಬೆವರುವ ಗ್ರಂಥಿಗಳಿಲ್ಲ. ಸೆಕೆಯಾದರೆ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಏದುಸಿರು ಬಿಟ್ಟಷ್ಟೂ ಕೆಟ್ಟ ಗಾಳಿ ಹೆಚ್ಚು ಒಳಗೆ ಹೋಗುತ್ತದೆ. ಆದ್ದರಿಂದ ಬಿಸಿಲು ಬೀಳದ ತಂಪಾದ ಕೋಣೆಯನ್ನೇ ಆರಿಸಬೇಕು. ತಣ್ಣೀರು ಸದಾ ಇರಬೇಕು. ಮೊಟ್ಟೆಯಿಡುವ ಕೋಳಿ ಸಾಧಾರಣ ದಿನದಲ್ಲಿ ಕಾಲು ಲೀಟರಿನಷ್ಟು ನೀರು ಕುಡಿದರೆ, ಸೆಕೆಯಲ್ಲಿ ಅದರ ಎರಡು ಪಟ್ಟು ಕುಡಿಯಬಹುದು. ಹೊಗೆ ದಿನವಿಡೀ ಒಂದೇ ಸಮ ಇರುವುದಿಲ್ಲ. ಅದು ತಿಳಿಯಾದ ಹೊತ್ತನ್ನು ನೋಡಿ ಸ್ವಲ್ಪ ಕಾಲ ಕಿಟಕಿ ತೆರೆದು ಮತ್ತೆ ಮುಚ್ಚಬೇಕು.

ಎರಡನೆಯದು ಧೂಳು. ಕೋಳಿಯ ಗರಿಯಿಂದಲೇ ಸಾಕಷ್ಟು ಪುಡಿ ಉದುರುತ್ತದೆ. ನೆಲಕ್ಕೆ ಮರದ ನುಣುಪಾದ ಪುಡಿ ಹಾಕಿದರೆ ಅದೂ ಹಾರುತ್ತದೆ. ಅದರ ಬದಲು ದೊಡ್ಡ ಚಕ್ಕೆಯಂಥ ಹೊಟ್ಟು ಒಳ್ಳೆಯದು. ಅದರಡಿ ಹಳೆಯ ವೃತ್ತಪತ್ರಿಕೆ ಹಾಸಬಹುದು. ಬರೀ ಕಾಗದ ಹಾಸಿದರೆ ಕೋಳಿಯ ಕಾಲು ಜಾರುತ್ತದೆ. ಮೇವಿನ ಹಿಟ್ಟನ್ನು ತುಸು ನೀರು ಚಿಮುಕಿಸಿ ಕೊಡಿ. ಕಾಳು ಎರಚಿ ಕೆದಕಿಸುವ ಆಟ ಈ ದಿನಗಳಲ್ಲಿ ಬೇಡ. ಓಡಾಟ ಕಡಿಮೆಯಾದಷ್ಟೂ ಉಸಿರಾಟ ಶಾಂತವಾಗಿರುತ್ತದೆ. ಬೇಸರದಿಂದ ಒಂದನ್ನೊಂದು ಕುಕ್ಕದಂತೆ ಸೊಪ್ಪಿನ ಕಂತೆಯೊಂದನ್ನು ನೇತುಹಾಕಿ.

ಮೂರನೆಯದು ಅಮೋನಿಯಾ. ಒಂದು ಕೋಳಿ ದಿನಕ್ಕೆ ಸುಮಾರು ನೂರು ಗ್ರಾಂ ಹಿಕ್ಕೆ ಹಾಕುತ್ತದೆ. ಒದ್ದೆಯಾದ ಹಿಕ್ಕೆಯಿಂದ ಏಳುವ ಅಮೋನಿಯಾ ಕಣ್ಣನ್ನೂ ಶ್ವಾಸನಾಳವನ್ನೂ ಉರಿಸುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು 25 ಭಾಗ ಮೀರಬಾರದೆಂಬುದು ಕೋಳಿಸಾಕಣೆಯಲ್ಲಿ ಬಳಕೆಯಲ್ಲಿರುವ ಮಿತಿ. ಅದನ್ನು ಅಳೆಯಲು ಉಪಕರಣ ಬೇಕಿಲ್ಲ. ಮೊಣಕಾಲೂರಿ ನಿಮ್ಮ ಮೂಗನ್ನು ಕೋಳಿಯ ತಲೆಯ ಮಟ್ಟಕ್ಕೆ ತನ್ನಿ. ಅಲ್ಲಿ ಘಾಟು ತಗುಲಿದರೆ ಹಾಸನ್ನು ಬದಲಿಸುವ ಹೊತ್ತು ಮೀರಿದೆ ಎಂದು ತಿಳಿಯಿರಿ. ನಾವು ನಿಂತು ನೋಡುವ ಎತ್ತರದ ಗಾಳಿ ಬೇರೆ, ಕೋಳಿ ಉಸಿರಾಡುವ ಎತ್ತರದ ಗಾಳಿ ಬೇರೆ.

ಯಾವ ಕೋಣೆ ಒಳ್ಳೆಯದು? ಕ್ಯಾಲಿಫೋರ್ನಿಯಾದಲ್ಲಿ ಗ್ಯಾರೇಜು, ಬಟ್ಟೆ ಒಗೆಯುವ ಕೋಣೆ ಅಥವಾ ಬಳಸದ ಬಚ್ಚಲುಮನೆ ಅನುಕೂಲ. ಗ್ಯಾರೇಜಾದರೆ ಅಲ್ಲಿ ಕಾರು ಚಾಲೂ ಮಾಡಬಾರದು. ಬಣ್ಣದ ಡಬ್ಬಿ, ಇಲಿಪಾಷಾಣ ಇದ್ದರೆ ತೆಗೆಯಬೇಕು. ವಿದ್ಯುತ್ ಹೋಯಿತೆಂದು ಜನರೇಟರನ್ನಾಗಲಿ ಕೆಂಡದ ಒಲೆಯನ್ನಾಗಲಿ ಒಳಗಿಡಬಾರದು. ಅದರಿಂದ ಬರುವ ಮಾನಾಕ್ಸೈಡ್ ಕೋಳಿಯ ಜೊತೆಗೆ ಮನೆಯವರನ್ನೂ ಕೊಲ್ಲಬಲ್ಲದು. ಅಡುಗೆಮನೆ ಖಂಡಿತ ಬೇಡ. ನಾನ್‌ಸ್ಟಿಕ್ ಬಾಣಲೆ ವಿಪರೀತ ಕಾದಾಗ ಹೊರಡುವ ಆವಿ ಪಕ್ಷಿಗಳಿಗೆ ಪ್ರಾಣಾಂತಿಕ. ಕೋಳಿಯ ಹಿಕ್ಕೆಯಲ್ಲಿರುವ ಸಾಲ್ಮೊನೆಲ್ಲಾ ರೋಗಾಣು ನಮ್ಮ ಆಹಾರ ಸೇರುವ ಅಪಾಯವೂ ಅಲ್ಲಿದೆ. ಕೋಳಿಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬೇಡಿ. ಅಗರಬತ್ತಿ, ಮೇಣದ ಬತ್ತಿಗಳನ್ನೂ ಆ ಕೋಣೆಯಿಂದ ದೂರವಿಡಿ.

ಬಾಗಿಲಿನ ಸಂದುಗಳಿಗೆ ಬಟ್ಟೆ ತುರುಕಿ. ಗಾಳಿ ಶುದ್ಧೀಕರಣ ಯಂತ್ರವಿದ್ದರೆ ಒಳ್ಳೆಯದು. ಹೆಪಾ ಸೋಸುಕ 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97 ಭಾಗವನ್ನು ಹಿಡಿಯುತ್ತದೆ. ಯಂತ್ರ ಇಲ್ಲದವರು ಚೌಕದ ಫ್ಯಾನಿನ ಹಿಂಬದಿಗೆ ‘ಮರ್ವ್ 13’ ದರ್ಜೆಯ ಸೋಸುಕವನ್ನು ಕಟ್ಟಿ ಬಳಸುವ ರೂಢಿ ಅಲ್ಲಿ ಹರಡಿದೆ. ಗರಿಯ ಪುಡಿಯಿಂದ ಸೋಸುಕ ಬೇಗ ಮುಚ್ಚಿಕೊಳ್ಳುವುದರಿಂದ ಅದನ್ನು ಆಗಾಗ ನೋಡುತ್ತಿರಬೇಕು. ಓಜೋನ್ ಬಿಡುವ ಯಂತ್ರಗಳು ಬೇಡ. ಓಜೋನ್ ಕೂಡ ಶ್ವಾಸಕೋಶಕ್ಕೆ ಹಾನಿಕರ.

ಇಷ್ಟೆಲ್ಲ ಮಾಡಿದ ಮೇಲೂ ಮುಖ್ಯವಾದ ಒಂದು ಕೆಲಸ ಉಳಿಯುತ್ತದೆ. ಅದು ಗಮನಿಸುವುದು. ಕೋಳಿ ಬೇಟೆಗೆ ಬಲಿಯಾಗುವ ಜಾತಿ. ನಿತ್ರಾಣವನ್ನು ತೋರಿಸಿದರೆ ಶತ್ರು ಮೊದಲು ತನ್ನನ್ನೇ ಹಿಡಿಯುತ್ತಾನೆಂಬಂತೆ ಅದು ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತದೆ. ಸೆಕೆಯಿಲ್ಲದಿದ್ದರೂ ಬಾಯಿ ತೆರೆದು ಉಸಿರಾಡುವುದು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುವುದು, ಗೊರಗೊರ ಶಬ್ದ, ಜುಟ್ಟು ನೀಲಿಗಟ್ಟುವುದು, ಮೇವು ಬಿಡುವುದು—ಇವು ಕಂಡರೆ ತಡಮಾಡದೆ ಪಶುವೈದ್ಯರನ್ನು ಕಾಣಬೇಕು. ಆದರೆ ಅಸಹಜವನ್ನು ಗುರುತಿಸಲು ಸಹಜ ಯಾವುದೆಂದು ಮೊದಲೇ ತಿಳಿದಿರಬೇಕಲ್ಲವೆ? ಕೋಳಿ ಸಾಕಿರುವ ವಿದ್ಯಾರ್ಥಿಗಳು ಈ ವಾರವೇ ಒಂದು ಪ್ರಯೋಗ ಮಾಡಿ. ಸಂಜೆ ಕೋಳಿ ಗೂಡು ಸೇರಿ ಶಾಂತವಾದ ಮೇಲೆ, ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತದೆಂದು ಎಣಿಸಿ ನೋಟ್‌ಪುಸ್ತಕದಲ್ಲಿ ಬರೆದಿಡಿ. ಹೊಗೆ ಬಂದ ದಿನ ಆ ಅಂಕಿಯೇ ನಿಮ್ಮ ಅಳತೆಗೋಲು.

ಹೊಗೆ ಸರಿದ ಮೇಲೂ ಅವಸರ ಬೇಡ. ಹೊಗೆಯಿಂದ ಬಳಲಿದ ಶ್ವಾಸಮಾರ್ಗಕ್ಕೆ ಸೋಂಕು ಸುಲಭವಾಗಿ ತಗಲುತ್ತದೆ. ಅದು ಕೆಲವು ದಿನಗಳ ನಂತರ ಕಾಣಿಸಿಕೊಳ್ಳಬಹುದು. ಹಿತ್ತಲಿನಲ್ಲಿ ಬಿದ್ದ ಬೂದಿಯನ್ನು ಕೋಳಿ ಕೆದಕಿ ತಿನ್ನದಂತೆ ಮೊದಲು ತೆಗೆಯಬೇಕು. ಕಾಡಿನ ಬೂದಿಗಿಂತ ಸುಟ್ಟ ಮನೆಗಳ ಬೂದಿ ಹೆಚ್ಚು ಅಪಾಯಕರ. ಹಳೆಯ ಬಣ್ಣ, ಬ್ಯಾಟರಿಗಳ ಸೀಸ ಅದರಲ್ಲಿರಬಹುದು. ಕ್ಯಾಲಿಫೋರ್ನಿಯಾದಲ್ಲಿ 2017ರ ಬೆಂಕಿಯ ನಂತರ ಡೇವಿಸ್‌ನ ವಿಶ್ವವಿದ್ಯಾನಿಲಯದವರು ಹಿತ್ತಲ ಕೋಳಿಗಳ ಮೊಟ್ಟೆಗಳನ್ನು ತರಿಸಿಕೊಂಡು ಪರೀಕ್ಷೆಗೆ ಒಳಪಡಿಸಿದ್ದು ಇದೇ ಕಾರಣಕ್ಕೆ. ಬೂದಿಯನ್ನು ಒಣಗಿದ್ದಾಗ ಗುಡಿಸಬೇಡಿ. ನೀರು ಚಿಮುಕಿಸಿ, ಎನ್-95 ಮುಖಗವಸು ಧರಿಸಿ ತೆಗೆಯಿರಿ. ನೀರಿನ ಪಾತ್ರೆ ತೊಳೆಯಿರಿ. ತೆರೆದಿದ್ದ ಮೇವನ್ನು ಎಸೆಯಿರಿ.

ಇದು ದೂರದೇಶದ ಮಾತಷ್ಟೇ ಅಲ್ಲ. 2019ರ ಫೆಬ್ರವರಿಯಲ್ಲಿ ನಮ್ಮ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು. ಬೇಸಿಗೆಯಲ್ಲಿ ಕಾಡಂಚಿನ ಹಳ್ಳಿಗಳಿಗೆ ಹೊಗೆ ಹೊಸದಲ್ಲ; ಆ ಹಳ್ಳಿಗಳ ಹಿತ್ತಲಲ್ಲಿ ನಾಟಿ ಕೋಳಿಯೂ ಇದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜವೂ ಇದೆ. ಹದ್ದು, ಮುಂಗುಸಿಗಳಿಂದ ಕಾಪಾಡಲು ನಾವು ಬುಟ್ಟಿ ಕವುಚುತ್ತೇವೆ. ಹೊಗೆಯನ್ನು ಬುಟ್ಟಿ ತಡೆಯದು. ಹೆಂಚಿನ ಮನೆಯಲ್ಲಿ ಸಂದುಗಳು ಹೆಚ್ಚು. ಸೌದೆ ಒಲೆಯ ಪಕ್ಕಕ್ಕೆ ತಂದರೆ ಒಂದು ಹೊಗೆಯಿಂದ ಇನ್ನೊಂದು ಹೊಗೆಗೆ ತಂದಂತೆ. ಒಲೆಯಿಂದ ದೂರವಾದ, ಸಂದು ಕಡಿಮೆಯಿರುವ ಕೋಣೆಯನ್ನು ಬೇಸಿಗೆಗೆ ಮೊದಲೇ ನೋಡಿಡಿ.

ಕೊನೆಯದಾಗಿ ಒಂದು ಮಾತು. ಹೊಗೆಯಲ್ಲದೆ ಬೆಂಕಿಯೇ ಹತ್ತಿರ ಬಂದು ಊರು ಬಿಡಬೇಕೆಂಬ ಆದೇಶವಾದರೆ ಮೊದಲು ಮನುಷ್ಯರ ಪ್ರಾಣ. ಪೆಟ್ಟಿಗೆಗಳು ಸಿದ್ಧವಿದ್ದರೆ ಕೋಳಿಗಳನ್ನೂ ಒಯ್ಯಬಹುದು. ಆದರೆ ಬಿಟ್ಟುಬಂದುದಕ್ಕಾಗಿ ಹಿಂದಿರುಗಬಾರದು. ಆದ್ದರಿಂದಲೇ ಪೆಟ್ಟಿಗೆ, ಹಾಸು, ಒಂದು ವಾರದ ಮೇವು ಮೊದಲೇ ಸಿದ್ಧವಿರಲಿ. ಗೂಡಿನ ಬಾಗಿಲನ್ನು ಸಂಜೆ ಮುಚ್ಚುವವರು ನಾವು. ಹಾಗೆ ಮುಚ್ಚಿದ ಮೇಲೆ ಹಾರಿಹೋಗುವ ದಾರಿ ಕೋಳಿಗಿಲ್ಲ. ಆ ದಾರಿಯನ್ನು ಮುಚ್ಚಿದ ಕೈಗೇ ಅದರ ಉಸಿರನ್ನು ಕಾಯುವ ಹೊಣೆಯೂ ಸೇರಿದೆ.