ಪೆಟ್ಟಿಗೆ ಮಡಿಸುವ ಮುಂಚೆ

(ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ನೀಡಿದ ಮಾತು)



ಚಕ್ಕುಲಿ, ತುಕ್ಡಿ, ನೆವ್ರಿ ಮಾಡುವುದನ್ನು ನಿಮಗೆ ಹೇಳಿಕೊಡುವ ಅಗತ್ಯ ನಮಗಿಲ್ಲ. ಹೇಳಲು ಬಂದರೆ ನೀವೇ ನಗುತ್ತೀರಿ. ಆದರೆ ಅದೇ ತಿಂಡಿಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಕೊಟ್ಟಾಗ ಗಿರಾಕಿ ಚೌಕಾಸಿ ಮಾಡ್ತಾರೆ, ಚಂದದ ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಹಬ್ಬದ ಉಡುಗೊರೆ ಅಂತ ಒಯ್ಯುತ್ತಾರೆ. ಇದನ್ನು ನೋಡಿಯೇ ಒಂದು ಸಂಘದವರೂ ನಾವೂ ಸೇರಿ ಪೆಟ್ಟಿಗೆ ಮಾಡಿಸಲು ಹೊರಟೆವು.

ಆಗ ಆದದ್ದನ್ನು ಮುಚ್ಚಿಡುವುದಿಲ್ಲ. ಸಂಘದ ಉಳಿತಾಯದಿಂದ ಸಾಲ ತೆಗೆದು 500 ಪೆಟ್ಟಿಗೆ ಅಚ್ಚು ಹಾಕಿಸಿದೆವು. ಬಂದಾಗ ನೋಡಿದರೆ 'ಚಕ್ಕುಲಿ'ಯ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿತ್ತು. ಸಾಲದ್ದಕ್ಕೆ ತಿಂಡಿ ಒಳಗೆ ಕೂರಲಿಲ್ಲ, ಒತ್ತಿದರೆ ಪುಡಿ. ಅಚ್ಚುಕೂಟದವರನ್ನು ಬೈಯುವ ಹಾಗಿರಲಿಲ್ಲ. ಮಾದರಿ ಹಾಳೆಯನ್ನು ಸರಿಯಾಗಿ ನೋಡದೆ ಸಹಿ ಹಾಕಿದವರು ನಾವೇ. ಎರಡು ರಾತ್ರಿ ಕೂತು ಚೀಟಿ ಅಂಟಿಸಿದೆವು. "ನಮ್ಮ ವಾರದ ಹಣ ಅದು ಸಿಸ್ಟರ್" ಎಂದು ಒಬ್ಬಾಕೆ ಮೆಲ್ಲಗೆ ಹೇಳಿದ್ದು ಈಗಲೂ ನಮ್ಮ ಕಿವಿಯಲ್ಲಿದೆ.

ಆಮೇಲೆ ನಾವೇ ಕಲಿತೆವು. ಇಂಕ್‌ಸ್ಕೇಪ್ ಎಂಬ ತಂತ್ರಾಂಶ 2003ರಿಂದ ಇದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ಅದರಲ್ಲಿ ಬರೆದ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗುವುದಿಲ್ಲ. ರಂಗೋಲಿ ಹಾಕುವ ಕೈಗೆ ಮೌಸ್ ಹಿಡಿಯೋದು ದೊಡ್ಡ ಮಾತಲ್ಲ.

ಮೊದಲು ಅಳತೆ. ಚಿತ್ರ ಆಮೇಲೆ. ತಿಂಡಿಯನ್ನು ಜೋಡಿಸಿಟ್ಟು ಅಳೆಯಿರಿ. ಉದ್ದ 15, ಅಗಲ 10, ಎತ್ತರ 4 ಸೆಂಟಿಮೀಟರಿನ ತಟ್ಟೆಯಂಥ ಪೆಟ್ಟಿಗೆ ಬೇಕು ಅಂತಿಟ್ಟುಕೊಳ್ಳಿ. ನಾಲ್ಕೂ ಕಡೆ ಗೋಡೆ ಏಳಬೇಕಲ್ಲ? ಹಾಗಾಗಿ ಉದ್ದಕ್ಕೆ ಎರಡು ಸಲ 4 ಕೂಡಿಸಿ 23, ಅಗಲಕ್ಕೂ ಹಾಗೆಯೇ ಕೂಡಿಸಿ 18. ಎ4 ಹಾಳೆಯಲ್ಲಿ ಇದು ಹಿಡಿಯುತ್ತದೆ. ಪ್ರತಿ ಅಂಚಿನಿಂದ 4 ಸೆಂಟಿಮೀಟರ್ ಒಳಗೆ ಮಡಿಕೆಯ ಗೆರೆ. ಮೂಲೆಯಲ್ಲಿ ಉಳಿಯುವ ಚೌಕವನ್ನು ಒಂದು ಬದಿ ಮಾತ್ರ ಕತ್ತರಿಸಿ, ಮಡಿಸಿ, ಒಳಗೆ ಅಂಟಿಸುವುದು. ಮುಚ್ಚಳಕ್ಕೂ ಇದೇ ಲೆಕ್ಕ, ಆದರೆ ಉದ್ದ ಅಗಲ 3 ಮಿಲಿಮೀಟರ್ ಹೆಚ್ಚು. ಇಲ್ಲವಾದರೆ ಮುಚ್ಚಳ ತಟ್ಟೆಯ ಮೇಲೆ ಇಳಿಯುವುದೇ ಇಲ್ಲ. ರಟ್ಟಿಗೂ ದಪ್ಪ ಉಂಟು ನೋಡಿ, ಅದನ್ನು ಮರೆತೇ ನಾವು ಕೆಟ್ಟದ್ದು.

ಕತ್ತರಿಸುವ ಗೆರೆ ಕೆಂಪು, ಮಡಿಸುವ ಗೆರೆ ನೀಲಿ ಚುಕ್ಕೆ. ಇವನ್ನು ಬೇರೆ ಪದರದಲ್ಲಿಟ್ಟು ಬೀಗ ಹಾಕಿ, ಚಿತ್ರ ಬರೆಯುವಾಗ ಅಲುಗಾಡದು. ಈಗ ಮಲ್ಲಿಗೆಯ ಒಂದೇ ಎಸಳು ಬರೆಯಿರಿ. ಅದನ್ನು ನಕಲು ಮಾಡಿ ತಿರುಗಿಸಿದರೆ ಹೂವು, ಹೂವನ್ನು ನಕಲು ಮಾಡಿದರೆ ಅಂಚು. ಬಣ್ಣವನ್ನು ಕತ್ತರಿ ಗೆರೆಯಿಂದ 3 ಮಿಲಿಮೀಟರ್ ಆಚೆಗೂ ಹರಿಸಿ, ಇಲ್ಲದಿದ್ದರೆ ಕತ್ತರಿ ಕೊಂಚ ಸರಿದರೂ ಬಿಳಿ ಅಂಚು ಕಾಣುತ್ತದೆ. ಮುಚ್ಚಳದ ಬದಿಗಳಲ್ಲಿ ಹೆಸರು ಬರೆಯುವಾಗ ಅಕ್ಷರದ ತಲೆ ನಡುವಿನ ಕಡೆಗಿರಲಿ. ಎಲ್ಲವನ್ನೂ ಒಂದೇ ದಿಕ್ಕಿಗೆ ಬರೆದರೆ ಮಡಿಸಿದ ಮೇಲೆ ಹಿಂದಿನ ಬದಿ ತಲೆಕೆಳಗು! ಪರದೆಯಲ್ಲಿ ಮಿಂಚುವ ಹಸಿರು, ಕಿತ್ತಳೆ ಕಾಗದದಲ್ಲಿ ಮಂಕಾಗುತ್ತವೆ, ಬೇಸರ ಬೇಡ.

ಅಚ್ಚಿಗೆ ಕಳಿಸುವ ಮುಂಚೆ ಅಕ್ಷರಗಳನ್ನು ಆರಿಸಿ 'ಆಬ್ಜೆಕ್ಟ್ ಟು ಪಾತ್' ಒತ್ತಿ. ಅಕ್ಷರ ಚಿತ್ರವಾಗುತ್ತದೆ, ಅವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇಲ್ಲದಿದ್ದರೂ ಒತ್ತು ಕಳಚದು. ಆಮೇಲೆ ತಿದ್ದಲಾಗದು, ಆದ್ದರಿಂದ ತಿದ್ದಬಲ್ಲ ಪ್ರತಿ ಒಂದನ್ನು ಬೇರೆಯಾಗಿ ಉಳಿಸಿ.

ಪೆಟ್ಟಿಗೆ ಎಷ್ಟೇ ಚಂದವಿರಲಿ, ಪದಾರ್ಥಗಳ ಪಟ್ಟಿ, ತೂಕ, ಬೆಲೆ, ತಯಾರಿಸಿದ ದಿನಾಂಕ, ವಿಳಾಸ, ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇವಕ್ಕೆ ಮೊದಲೇ ಜಾಗ ಬಿಡಿ. ಹೂವು ಬರೆದು ಮುಗಿದ ಮೇಲೆ ಜಾಗ ಹುಡುಕಿದರೆ ಸಿಗದು. ಒಳಗೆ ದಿನಪತ್ರಿಕೆ ಹಾಸುವ ಅಭ್ಯಾಸ ಬಿಡಬೇಕು. 2018ರ ಪ್ಯಾಕೇಜಿಂಗ್ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ, ಶಾಯಿ ತಿಂಡಿಗೆ ಹತ್ತುತ್ತದೆ. ಆಹಾರಕ್ಕೆಂದೇ ಇರುವ ಬಟರ್ ಪೇಪರ್ ಹಾಕಿ.

ಮೊದಲ ಮಾದರಿಯನ್ನು ಸಾದಾ ಹಾಳೆಯಲ್ಲಿ ಮುದ್ರಿಸಿ. 'ಫಿಟ್ ಟು ಪೇಜ್' ಬೇಡ, 100 ಶೇಕಡಾ ಇರಲಿ. ಇಲ್ಲದಿದ್ದರೆ ಯಂತ್ರ ಅಳತೆ ಬದಲಾಯಿಸಿಬಿಡುತ್ತದೆ. ಹಾಳೆಯನ್ನು ತೆಳು ರಟ್ಟಿಗೆ ಅಂಟಿಸಿ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಮಡಿಕೆಯ ಗೆರೆ ಒತ್ತಿ, ಮಡಿಸಿ. ರಟ್ಟಿಗೂ ನಾರಿನ ದಿಕ್ಕು ಇದೆ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಗೆ ಉದ್ದದ ಮಡಿಕೆ ಬರಲಿ, ಬಿರಿಯುವುದು ಕಡಿಮೆ. ಆಮೇಲೆ ನಿಜವಾದ ಚಕ್ಕುಲಿಯನ್ನೇ ಒಳಗಿಟ್ಟು ಅಲ್ಲಾಡಿಸಿ ನೋಡಿ. ಮುಂದಿನ ಸಲ 500 ಬೇಡ, 50 ಮಾಡಿಸೋಣ. ಒಂದರ ಬೆಲೆ ಹೆಚ್ಚು ಬೀಳುತ್ತದೆ, ನಮಗೂ ಗೊತ್ತು. ಆದರೂ ಸಾಲದ ಹೊರೆ ಕಡಿಮೆ.

ಮುಂದಿನ ತರಗತಿಗೆ ಪ್ರತಿ ಸಂಘದಿಂದ ಇಬ್ಬರು ಬನ್ನಿ. ಒಂದು ಅಡಿಪಟ್ಟಿ, ಮನೆಯಲ್ಲಿ ಬಿದ್ದಿರುವ ಒಂದು ಹಳೆಯ ಸಿಹಿತಿಂಡಿ ಪೆಟ್ಟಿಗೆ ತನ್ನಿ. ಅದನ್ನು ಬಿಚ್ಚಿ ಚಪ್ಪಟೆ ಮಾಡಿ ನೋಡುವುದರಿಂದಲೇ ಶುರು ಮಾಡೋಣ.